ಹಲ್ಲು ಬದಲೋ, ಆಕ್ಸಲೇ ಬದಲೋ

"ಜೀಪಿನ ಹಿಂದಿನ ಹಳೇ ಆಕ್ಸಲ್ ಗುಜರಿಗೆ ಹಾಕಿ, ಇಡೀ ಹೊಸದನ್ನೇ ಕೂರಿಸಿಬಿಡಿ. ಇನ್ನು ಅದರ ಮಾತೇ ಬೇಡ," ಎಂದ ಸತ್ತವನ ತಮ್ಮ.

"ಬೇಡ. ಆಕ್ಸಲ್ ಅದೇ ಇರಲಿ. ಒಳಗಿನ ಗೇರಿನ ಹಲ್ಲು ಮಾತ್ರ ಬದಲಾಯಿಸಿ," ಎಂದಳು ಸತ್ತವನ ಹೆಂಡತಿ.

ಇಬ್ಬರ ನಡುವೆ ಗ್ಯಾರೇಜಿನ ಮೇಸ್ತ್ರಿ ಹಳೇ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದ. ಒರೆಸಿದಷ್ಟೂ ಕೈ ಕಪ್ಪಾಗುತ್ತಿತ್ತು, ಆದರೂ ಒರೆಸುವುದನ್ನು ನಿಲ್ಲಿಸಿರಲಿಲ್ಲ.

ಬಾಗಿಲಿಗೆ ಒರಗಿ ನಿಂತಿದ್ದ ಇನ್ಸ್‌ಪೆಕ್ಟರ್ ಆ ಕೈಗಳನ್ನೇ ನೋಡುತ್ತಿದ್ದಳು. ಇಲಾಖೆಯಲ್ಲಿ ಅವಳಿಗೆ ಜಿಗಣೆ ಎಂಬ ಅಡ್ಡಹೆಸರು. ಕಚ್ಚಿದರೆ ಹೊಟ್ಟೆ ತುಂಬುವ ತನಕ ಬಿಡುವವಳಲ್ಲ ಎಂದು. ಎದುರಿಗೆ ಹೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಅವಳಿಗೂ ಗೊತ್ತಿತ್ತು, ಕೇಳಿದರೂ ಕೇಳದವಳ ಹಾಗಿದ್ದಳು.

ದನದ ಡಾಕ್ಟರು ಜೀಪಿನ ಸಮೇತ ಬೆಟ್ಟದ ದಾರಿಯಿಂದ ಕಮರಿಗೆ ಉರುಳಿ ಸತ್ತದ್ದು ಬ್ರೇಕು ಕೈಕೊಟ್ಟದ್ದರಿಂದ ಎಂದು ಮೇಲಿನವರು ಷರಾ ಬರೆದು ಮುಗಿಸಿದ್ದರು. ಬ್ರೇಕಿಗೆ ಏನೂ ಆಗಿಲ್ಲ ಎಂದು ನಿನ್ನೆ ತಾನೇ ಜಿಗಣೆ ಕಂಡುಕೊಂಡಿದ್ದಳು. ಆದರೆ ಇವತ್ತು ಬೆಳಗ್ಗೆ ಮೇಲಿನಿಂದ ಅಪ್ಪಣೆ ಬಂದಿತ್ತು: ಸಾಯಂಕಾಲದೊಳಗೆ ಗಾಡಿಯನ್ನು ಮನೆಯವರಿಗೆ ಒಪ್ಪಿಸಿ, ಸುಮ್ಮನೆ ಕೆದಕಬೇಡಿ.

ಜೀಪು ಚಕ್ರ ನೆಲಕ್ಕೆ ತಾಗದ ಹಾಗೆ ನಾಲ್ಕು ಕಬ್ಬಿಣದ ಕುದುರೆಗಳ ಮೇಲೆ ನಿಂತಿತ್ತು. ಮೈಯೆಲ್ಲ ನಜ್ಜುಗುಜ್ಜು. ಮುಂದಿನ ಗಾಜಿನ ಚೌಕಟ್ಟು ಸೀಟಿನ ಮೇಲೆ ಮಡಚಿ ಬಿದ್ದಿತ್ತು. ಆದರೆ ಕೆಳಗಿನ ಚಾಸಿ ನೆಟ್ಟಗಿತ್ತು. ಹಿಂದುಗಡೆ ಒಂದು ಕೊಕ್ಕೆಗೆ ಡಾಕ್ಟರರ ರಬ್ಬರ್ ಗ್ಲೌಸು ಇನ್ನೂ ನೇತಾಡುತ್ತಿತ್ತು. ಹೆರಿಗೆ ಕಷ್ಟವಾದ ಹಸುವಿನ ಹೊಟ್ಟೆಯೊಳಗೆ ಕೈ ಹಾಕಲು ಭುಜದ ತನಕ ತೊಡುವ ಉದ್ದನೆಯ ಗ್ಲೌಸು. ಯಾರದೋ ತೋಳಿನ ಚರ್ಮ ಸುಲಿದು ನೇತುಹಾಕಿದ ಹಾಗೆ ಕಾಣುತ್ತಿತ್ತು. ಯಾರೂ ಅದನ್ನು ತೆಗೆದಿರಲಿಲ್ಲ.

"ಮೇಸ್ತ್ರಿ, ನೀವೇನಂತೀರಿ?" ಎಂದಳು ಜಿಗಣೆ. "ಹಲ್ಲು ಬದಲೋ, ಆಕ್ಸಲೇ ಬದಲೋ?"

ಮೇಸ್ತ್ರಿ ಜೀಪಿನ ಹಿಂಭಾಗಕ್ಕೆ ಬಗ್ಗಿದ. ಹಿಂದಿನ ಎರಡು ಚಕ್ರಗಳನ್ನು ಹಿಡಿದಿರುವ ಅಡ್ಡ ಕೊಳವೆಯ ನಡುವೆ ಕುಂಬಳಕಾಯಿಯಂಥ ಉಬ್ಬು. ಎಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವ ಹಲ್ಲಿನ ಜೋಡಿ, ಕ್ರೌನು ಮತ್ತು ಪಿನಿಯನ್ನು, ಅದರೊಳಗೇ ಇರುತ್ತವೆ. ಬಂಡೆಗೆ ಬಡಿದು ಉಬ್ಬು ಬಿರುಕು ಬಿಟ್ಟಿತ್ತು. ಎಣ್ಣೆಯೆಲ್ಲ ಸೋರಿಹೋಗಿತ್ತು.

"ಎರಡೂ ಆಗುತ್ತೆ ಮೇಡಂ. ಕೊಳವೆ ಸೊಟ್ಟಗಾಗಿಲ್ಲ ಅಂದರೆ ಹಲ್ಲು ಬದಲಾಯಿಸಿದರೆ ಸಾಕು. ಸೊಟ್ಟಗಾಗಿದ್ರೆ ಆಕ್ಸಲೇ ಬದಲು. ಮನೆಯವರು ಹೆಂಗೆ ಹೇಳ್ತಾರೋ ಹಂಗೆ."

"ಅತ್ತ ದರಿ, ಇತ್ತ ಪುಲಿ ಅನ್ನೋ ಹಾಗೆ ನಿಂತಿದ್ದೀರಲ್ಲ," ಎಂದು ಅವಳು ನಕ್ಕಳು. ಮೇಸ್ತ್ರಿ ನಗಲಿಲ್ಲ.

ಅವಳು ತಮ್ಮನ ಕಡೆ ತಿರುಗಿದಳು. ಹೆಗಲಗಲದ ಆಳು, ಗಡ್ಡ ಬೋಳಿಸದೆ ಮುಖ ಕಾಡಾಗಿತ್ತು. ಕೆಸರು, ಕಲ್ಲು, ಹಳ್ಳ ಎಲ್ಲಿ ಕಂಡರೆ ಅಲ್ಲಿ ಗಾಡಿ ನುಗ್ಗಿಸುವ ಹುಚ್ಚಿನಿಂದ ಮನೆಯಲ್ಲೂ ಹೊರಗೂ ಅವನಿಗೆ ಹುಂಬ ಎಂದೇ ಹೆಸರಾಗಿತ್ತು.

"ನಿಮಗೆ ಹೊಸ ಆಕ್ಸಲ್ ಯಾಕೆ ಬೇಕು?"

"ಅಣ್ಣನ್ನ ತಿಂದ ಗಾಡಿ ಅದು. ಅದರ ಒಂದು ತುಂಡೂ ನನ್ನ ಕಣ್ಣಿಗೆ ಬೀಳಬಾರದು."

"ಹಾಗಾದರೆ ಇಡೀ ಗಾಡೀನೇ ಗುಜರಿಗೆ ಹಾಕಬಹುದಲ್ಲ. ಆಕ್ಸಲ್ ಮೇಲೆ ಮಾತ್ರ ಏನು ಸಿಟ್ಟು?"

ಹುಂಬ ಅತ್ತಿಗೆಯ ಕಡೆ ನೋಡಿದ.

"ಗಾಡಿ ನನಗೆ ಬೇಕು ಮೇಡಂ," ಎಂದಳು ಡಾಕ್ಟರರ ಹೆಂಡತಿ. ಗಂಡನ ಜೊತೆ ಔಷಧದ ಪೆಟ್ಟಿಗೆ ಹೊತ್ತು ಬೆಟ್ಟ ಹತ್ತಿ ಇಳಿದ ಹೆಂಗಸು. ಅತ್ತು ಅತ್ತು ಸಾಕಾಗಿ ಈಗ ಕಲ್ಲಿನ ಹಾಗಾಗಿದ್ದಳು. "ಮೇಲಿನ ದೊಡ್ಡಿಗಳಿಗೆ ಬೇರೆ ಗಾಡಿ ಹೋಗಲ್ಲ. ಡಾಕ್ಟರು ಸತ್ತರು ಅಂತ ಹಸು ಈಯೋದು ನಿಲ್ಲಿಸುತ್ತಾ? ಅವರು ಓಡಿಸಿದ ಗಾಡಿ. ಆದಷ್ಟು ಹಳೇದೇ ಉಳೀಲಿ ಅಂತ ನನ್ನಾಸೆ."

ಜಿಗಣೆ ತಲೆಯಾಡಿಸಿದಳು. ಒಬ್ಬನದು ಸಿಟ್ಟು, ಒಬ್ಬಳದು ಮಮತೆ. ಕೇಳಲು ಎರಡೂ ಚೆನ್ನಾಗಿದ್ದವು. ಆದರೆ ಇಡೀ ಆಕ್ಸಲ್ ಬದಲಾಯಿಸಿದರೂ ಹಳೇ ಹಲ್ಲು ಗುಜರಿಗೇ, ಹಲ್ಲಷ್ಟನ್ನೇ ಬದಲಾಯಿಸಿದರೂ ಹಳೇ ಹಲ್ಲು ಗುಜರಿಗೇ. ಇಬ್ಬರು ಹಿಡಿದ ದಾರಿ ಬೇರೆ, ಹೋಗಿ ಸೇರುವ ಊರು ಒಂದೇ.

"ಅಮ್ಮಾ, ನೀವು ಆಫೀಸು ಕೋಣೇಲಿ ಕೂತಿರಿ. ಬಿಸಿಲು ಜೋರಾಗಿದೆ," ಎಂದಳು. ಹೆಂಗಸು ಒಳಗೆ ಹೋದಳು.

"ದಫೇದಾರ್ರೇ, ಒಂದು ಸೀಮೆಸುಣ್ಣ ತನ್ನಿ."

ಅವಳ ಹಿಂದೆ ನಿಂತಿದ್ದ ದಫೇದಾರ ಕಣ್ಣು ಬಿಟ್ಟ. "ಸೀಮೆಸುಣ್ಣವಾ? ಪಾಠ ಹೇಳ್ತೀರಾ ಮೇಡಂ?"

"ಹೂಂ. ಮೊದಲನೇ ಪಾಠ ನಿಮಗೇ. ಬನ್ನಿ, ಅಂಗಿ ತೋಳು ಮಡಚಿ."

ಮೇಸ್ತ್ರಿಯ ಮುಖ ಬಿಳಿಚಿತು. ಅದನ್ನು ಅವಳು ನೋಡಿದಳು, ನೋಡಿದ್ದನ್ನು ತೋರಿಸಿಕೊಳ್ಳಲಿಲ್ಲ.

ಜಿಗಣೆಯ ಅಪ್ಪ ಲಾರಿ ಡ್ರೈವರು. ಬೇರೆ ಮಕ್ಕಳು ಮರದ ನೆರಳಲ್ಲಿ ಆಡಿದರೆ ಅವಳು ಆಡಿದ್ದು ಲಾರಿಯ ನೆರಳಲ್ಲಿ. ಹೊಸ ಊರಿನಲ್ಲಿ ಗುರುತಿಲ್ಲದ ಲಾರಿ ಕೊಳ್ಳುವಾಗ ಅಪ್ಪ ಒಳಗಿನ ಹಲ್ಲಿನ ಲೆಕ್ಕ, ಚಕ್ರ ತಿರುಗಲು ಶಾಫ್ಟು ಎಷ್ಟು ಸುತ್ತಬೇಕೆಂಬುದು, ತಿಳಿಯುತ್ತಿದ್ದದ್ದು ಹೀಗೆ, ಒಂದು ಸುಣ್ಣದ ಗೆರೆಯಿಂದ. ಬಿಚ್ಚುವುದೇ ಬೇಡ.

ಒಂದು ಹಿಂದಿನ ಚಕ್ರ ಅಲುಗದ ಹಾಗೆ ಹಗ್ಗದಿಂದ ಕಟ್ಟಿದಳು. ಇನ್ನೊಂದು ಚಕ್ರದ ಮೇಲೆ ಗೆರೆ ಎಳೆದಳು. ಆಕ್ಸಲಿಗೆ ಬಂದು ಸೇರುವ ಉದ್ದನೆಯ ಶಾಫ್ಟಿನ ಮೇಲೂ ಒಂದು ಗೆರೆ.

"ಚಕ್ರ ಎರಡು ಸುತ್ತು ತಿರುಗಿಸಿ. ನಾನು ಶಾಫ್ಟ್ ಎಣಿಸ್ತೀನಿ."

ದಫೇದಾರ ಏದುಸಿರು ಬಿಡುತ್ತ ತಿರುಗಿಸಿದ. ಒಣಗಿದ ಹಲ್ಲು ಒಳಗೆ ಕರಕರ ಎಂದಿತು. "ರುಬ್ಬೋ ಕಲ್ಲು ತಿರುಗಿಸಿದ ಹಾಗಾಯ್ತು. ಈ ವಿದ್ಯೆ ಮನೇಲಿ ಗೊತ್ತಾದರೆ ನನ್ನ ಗತಿ ಮುಗೀತು ಮೇಡಂ."

"ಐದು," ಎಂದಳು ಜಿಗಣೆ. "ಐದಕ್ಕೆ ಕೂದಲೆಳೆ ಕಡಿಮೆ. ಈಗ ಮುಂದಿನದು."

ಮುಂದಿನ ಆಕ್ಸಲಿಗೂ ಹಾಗೆಯೇ ಗೆರೆ ಎಳೆದು, ಚಕ್ರ ಎರಡು ಸುತ್ತು ತಿರುಗಿಸಿದರು. ಶಾಫ್ಟು ನಾಲ್ಕು ಸುತ್ತು ದಾಟಿ ಅಲ್ಲೇ ನಿಂತಿತು. ಇನ್ನೊಮ್ಮೆ ತಿರುಗಿಸಿದರು. ಅದೇ ಲೆಕ್ಕ.

ಜಿಗಣೆ ಕೈಯ ಸುಣ್ಣ ಝಾಡಿಸಿದಳು.

"ಮುಂದೆ ನಾಲ್ಕು, ಹಿಂದೆ ಐದು," ಎಂದಳು ಜಿಗಣೆ ಮೆಲ್ಲಗೆ. "ಒಂದೇ ಗಾಡಿ, ಒಂದೇ ಅಳತೆಯ ಟೈರು, ಎರಡು ಲೆಕ್ಕ. ಮೇಸ್ತ್ರಿ, ಈ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಬಲ ಕೊಡೋ ಚಿಕ್ಕ ಲಿವರ್ ಎಳೆದರೆ ಏನಾಗುತ್ತೆ?"

ಮೇಸ್ತ್ರಿ ಮತ್ತೆ ಬಟ್ಟೆ ಕೈಗೆತ್ತಿಕೊಂಡ.

"ನಿಮಗೆ ಗೊತ್ತು. ಹೇಳಿ, ದಫೇದಾರ್ರೂ ಕಲಿತುಕೊಳ್ಳಲಿ."

"ಹಿಂದಿನ ಚಕ್ರ ನಿಧಾನ ತಿರುಗುತ್ತೆ. ಮುಂದಿನದು ಬೇಗ ತಿರುಗುತ್ತೆ. ಒಂದಕ್ಕೊಂದು ಜಗ್ಗಾಡ್ತವೆ."

"ಇಳಿಜಾರಲ್ಲಿ?"

"ಹಿಂದಿನ ಚಕ್ರಕ್ಕೆ ಬ್ರೇಕು ಹಾಕಿದ ಹಾಗೆ. ಹಿಂಭಾಗ ಜಾರುತ್ತೆ." ಅವನ ದನಿ ಕ್ಷೀಣಿಸಿತು. "ಗಾಡಿ ಅಡ್ಡ ತಿರುಗುತ್ತೆ."

ಜಿಗಣೆ ಕಣ್ಣು ಮುಚ್ಚಿದಳು. ಬೆಟ್ಟದ ದಾರಿ ಕಣ್ಣ ಮುಂದೆ ಬಂತು. ಕೆಂಪು ಜಲ್ಲಿಯ ಮೇಲೆ ಹಿಂದಿನ ಎರಡು ಟೈರುಗಳು ಗೀರಿದ ಉದ್ದನೆಯ ಗಾಯ, ನಿಧಾನವಾಗಿ ಅಂಚಿನ ಕಡೆಗೆ ಬಾಗಿ ಹೋದದ್ದು. ಮುಂದಿನ ಟೈರಿನದು ಗೀರಿಲ್ಲ, ಬರೀ ಹೆಜ್ಜೆ. ಕಮರಿಯ ತಳದಲ್ಲಿ ಸಿಕ್ಕಾಗ ಜೀಪಿನ ಚಿಕ್ಕ ಲಿವರು ಎಳೆದ ಸ್ಥಿತಿಯಲ್ಲೇ ಇತ್ತು. ಇಷ್ಟು ದಿನ ಆ ಎರಡು ಸಂಗತಿಗಳು ಅವಳ ತಲೆಯಲ್ಲಿ ಮುಖ ತಿರುಗಿಸಿಕೊಂಡು ಕೂತಿದ್ದವು. ಈಗ ಕೈ ಕೈ ಹಿಡಿದವು.

ಹುಂಬ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದ. ದಫೇದಾರ ಸುಣ್ಣದ ಕೈಯನ್ನೇ ಅವನ ಎದೆಗೆ ಅಡ್ಡ ಇಟ್ಟ.

"ಕೂತ್ಕೊಳಪ್ಪ," ಎಂದಳು ಜಿಗಣೆ. ಇಷ್ಟು ಹೊತ್ತು ಇದ್ದ ಬಹುವಚನ ಹಾರಿಹೋಗಿತ್ತು. "ಈ ಹಿಂದಿನ ಆಕ್ಸಲ್ ಗಾಡಿಯ ಜೊತೆ ಹುಟ್ಟಿದ್ದಲ್ಲ. ಯಾರು ಹಾಕಿಸಿದ್ದು?"

"ನನಗೇನು ಗೊತ್ತು?"

"ನಿನಗೆ ಗೊತ್ತಿಲ್ಲದೆ ಈ ಗಾಡಿಗೆ ಒಂದು ಬೋಲ್ಟೂ ಬೀಳಲ್ಲ ಅಂತ ಊರೆಲ್ಲ ಹೇಳುತ್ತೆ."

"ಊರಿಗೇನು, ಹೇಳುತ್ತೆ."

"ಸರಿ. ಮೇಸ್ತ್ರಿನೇ ಕೇಳ್ತೀನಿ. ಅವರ ಕೈ ಆಗಲೇ ಬಾಯಿ ಬಿಟ್ಟಾಗಿದೆ."

"ನಾನು ಹಾಕಿಸಿದ್ದು!" ಹುಂಬ ಕೂಗಿದ. ಕೂಗಿದವನು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತ. "ನಾನೇ ಹಾಕಿಸಿದ್ದು. ಸಾಕಾ?"

"ಸಾಲದು. ಮೊದಲಿಂದ ಹೇಳು."

ಅವನು ಹೇಳಿದ. ದೊಡ್ಡ ಟೈರು ಹಾಕಿದರೆ ಗಾಡಿ ಬಂಡೆ ದಾಟುತ್ತೆ ಎಂದು ಅಣ್ಣನನ್ನು ಒಪ್ಪಿಸಿದವನು ಅವನೇ. ಹಾಕಿದ ಮೇಲೆ ಗಾಡಿ ಏರು ಹತ್ತಲಾರದೆ ಮುಕ್ಕಿರಿಯತೊಡಗಿತು. ಹಿಂದೆ ಮುಂದೆ ಎರಡೂ ಕಡೆ ಹಲ್ಲು ಬದಲಾಯಿಸಿ ಎಂದಿದ್ದ ಮೇಸ್ತ್ರಿ. ಆ ಹಲ್ಲು ಸಿಗಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಅಷ್ಟರಲ್ಲಿ ಯಾರದೋ ಮುರಿದ ಗಾಡಿಯಿಂದ ಇಡೀ ಹಿಂದಿನ ಆಕ್ಸಲ್ ಸಿಕ್ಕಿತು. ಹಲ್ಲು ಸರಿಯಾದ ಲೆಕ್ಕದ್ದು. ಹುಂಬ ತಡೆಯಲಾರದೆ ಅದನ್ನೇ ಹಾಕಿಸಿದ.

"ಮುಂದಿನದು?"

"ಮುಂದಿನ ಹಲ್ಲು ಬರೋ ತನಕ ನಾಲ್ಕು ಚಕ್ರ ಓಡಬಾರದು ಅಂತ ಮುಂದಿನ ಶಾಫ್ಟನ್ನೇ ಬಿಚ್ಚಿ ಇಡಿಸಿದ್ದೆ. ಲಿವರ್ ಎಳೆದರೂ ಏನೂ ಆಗ್ತಿರಲಿಲ್ಲ. ನಾನು ಹುಂಬ ಇರಬಹುದು ಮೇಡಂ, ಕೊಲೆಗಾರ ಅಲ್ಲ."

"ಆದರೆ ಶಾಫ್ಟ್ ಈಗ ಗಾಡಿಯಲ್ಲೇ ಇದೆಯಲ್ಲ. ಈಗಷ್ಟೇ ಎಣಿಸಿದೆ."

"ಇದೆ. ಅಣ್ಣ ಹಾಕಿಸಿದ." ಅವನು ತಲೆ ಎತ್ತಿದ. "ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಹೇಳಿದ. ಮುಂದಿನ ಹಲ್ಲೂ ಬಂತು ಕಣೋ, ಮೇಸ್ತ್ರಿ ಹಾಕಿ ಮುಗಿಸಿದ, ಎಲ್ಲಾ ಸರಿಹೋಯ್ತು ಅಂದ. ನಾಳೆ ನೀನೇ ದೊಡ್ಡಿಗೆ ಔಷಧ ಕೊಟ್ಟು, ಧೈರ್ಯವಾಗಿ ನಾಲ್ಕೂ ಚಕ್ರ ಎಳ್ಕೊಂಡು ಬೆಟ್ಟ ಇಳಿ ಅಂದ. ನಾನು ನಂಬಿದೆ. ಬೆಳಗಾದರೆ ಮೈ ಕೆಂಡದ ಹಾಗೆ ಜ್ವರ, ಏಳೋಕಾಗಲಿಲ್ಲ. ಅಷ್ಟರಲ್ಲಿ ಮೇಲಿನ ದೊಡ್ಡಿಯಿಂದ ಕರೆ ಬಂತು, ಎಮ್ಮೆ ಕರು ಹಾಕಕ್ಕಾಗದೆ ಒದ್ದಾಡ್ತಿದೆ ಅಂತ. ಅಣ್ಣನೇ ಹೋದ."

ಹುಂಬ ಜೀಪಿನ ಮುಂಭಾಗ ತೋರಿಸಿದ. "ಸತ್ತ ಮೇಲೆ ನಾನು ಜೀಪಿನ ಕೆಳಗೆ ನುಗ್ಗಿ ನೋಡಿದೆ. ಮುಂದಿನ ಹಲ್ಲಿನ ಮುಚ್ಚಳಕ್ಕೆ ಯಾರೂ ಸ್ಪ್ಯಾನರ್ ಮುಟ್ಟಿಸಿಲ್ಲ, ತುಕ್ಕು ಹಿಡಿದು ಹಾಗೇ ಕೂತಿದೆ. ಮೇಸ್ತ್ರಿ ಅಣ್ಣನಿಗೆ ಮೋಸ ಮಾಡಿದ ಅಂದುಕೊಂಡೆ. ಆದರೆ ಆಕ್ಸಲ್ ತಂದವನು ನಾನು. ಬಾಯಿ ಬಿಟ್ಟರೆ ಎಲ್ಲಾ ನನ್ನ ತಲೆಗೇ ಬರುತ್ತೆ. ಅದಕ್ಕೇ ಗುಜರಿಗೆ ಹೋಗಲಿ ಅಂದೆ."

"ಮೋಸವಾ?" ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಅಪ್ಪಳಿಸಿದ. ಇಷ್ಟು ಹೊತ್ತು ಹೆದರಿದ್ದ ಮನುಷ್ಯ ಈಗ ಉರಿದುಬಿದ್ದ. "ನಾನು ಮೋಸ ಮಾಡಿದೆನಾ? ಅನ್ನ ಇಟ್ಟ ಕೈ ಅಂತ ಸತ್ತವರ ಮಾನ ಕಾಯ್ಕೊಂಡು ನಾನು ನಾಲಿಗೆ ಕಚ್ಚಿಕೊಂಡಿದ್ದರೆ, ನೀನು ನನ್ನನ್ನೇ ಕಳ್ಳ ಮಾಡ್ತೀಯಾ?"

"ಮಾನ ಕಾಯುವಂಥದ್ದು ಏನಿತ್ತು ಮೇಸ್ತ್ರಿ?" ಜಿಗಣೆಯ ದನಿ ಏರಲಿಲ್ಲ.

ಮೇಸ್ತ್ರಿ ಗೋಡೆ ನೋಡಿಕೊಂಡು ಹೇಳಿದ.

"ಹಲ್ಲೂ ಬಂದಿರಲಿಲ್ಲ, ಕಲ್ಲೂ ಬಂದಿರಲಿಲ್ಲ. ಡಾಕ್ಟರು ಒಬ್ಬರೇ ಬಂದರು. ಮುಂದಿನ ಶಾಫ್ಟ್ ಹಾಕಿಕೊಡು ಅಂದರು. ಬೇಡಿ ಸಾರ್, ಹಲ್ಲು ಹೊಂದಲ್ಲ, ಇಳಿಜಾರಲ್ಲಿ ಯಾರಾದ್ರೂ ಮರೆತು ಲಿವರ್ ಎಳೆದರೆ ಗಾಡಿ ಅಡ್ಡ ಹೋಗುತ್ತೆ ಅಂದೆ. ಅವರು ಕೇಳಿದರು..."

"ಏನಂತ?"

"ಖಂಡಿತಾ ಹೋಗುತ್ತಾ ಅಂತ."

ದಫೇದಾರನ ಕೈಯಿಂದ ಸೀಮೆಸುಣ್ಣ ಜಾರಿ ನೆಲದ ಮೇಲೆ ಎರಡು ತುಂಡಾಯಿತು.

"ನಾನು ತಮಾಷೆ ಅಂದುಕೊಂಡೆ ಮೇಡಂ. ಹಾಕಿಕೊಟ್ಟೆ. ಹುಂಬನಿಗೆ ನಾನೇ ಹೇಳ್ತೀನಿ, ನೀನು ಹೇಳಬೇಡ ಅಂದರು. ಹೂಂ ಅಂದೆ. ನನ್ನ ಕೈಯಾರೆ ಹಾಕಿದ ಬೋಲ್ಟು ಅದು."

ಹುಂಬ ಅವನನ್ನೇ ನೋಡುತ್ತಿದ್ದ. ಕೇಳಿದ ಮಾತು ಕಿವಿಯಿಂದ ಎದೆಗೆ ಇಳಿಯಲು ಹೊತ್ತು ಹಿಡಿಯಿತು. ಇಳಿದಾಗ ಅವನ ಮುಖ ಸಣ್ಣ ಹುಡುಗನ ಮುಖವಾಯಿತು.

"ಆ ದಿನ ಗಾಡಿ ನಾನು ಓಡಿಸಬೇಕಿತ್ತು," ಎಂದ. "ಅಣ್ಣ... ನನ್ನನ್ನ..."

ಜಿಗಣೆ ಜೀಪಿನ ಸುತ್ತ ಒಂದು ಸುತ್ತು ಬಂದಳು. ಇಷ್ಟು ದಿನ ಅವಳು ಹುಡುಕುತ್ತಿದ್ದದ್ದು ಡಾಕ್ಟರನ್ನು ಕೊಂದವನನ್ನು. ಈಗ ಕೈಗೆ ಸಿಕ್ಕಿದ್ದು ಡಾಕ್ಟರೇ ತೋಡಿದ ಗುಂಡಿ. ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಎಂದು ಬರೆದು ಎದ್ದು ಹೋಗಬಹುದಿತ್ತು. ಮೇಲಿನವರಿಗೂ ಖುಷಿ.

ಆದರೆ ಗುಂಡಿ ಎಲ್ಲಿದೆ ಎಂದು ಗೊತ್ತಿರುವವನು ಅದರೊಳಗೆ ಕಾಲಿಡುವುದಿಲ್ಲ.

ಲಿವರು ಮುಟ್ಟದಿದ್ದರೆ ಗಾಡಿ ಸುರಕ್ಷಿತ ಎಂದು ಆ ಬೆಟ್ಟದ ಮೇಲೆ ಗೊತ್ತಿದ್ದ ಒಬ್ಬನೇ ಮನುಷ್ಯ ಡಾಕ್ಟರು. ತಮ್ಮನಿಗೆ ಜ್ವರ ಬಂದ ಮೇಲೆ ಧೈರ್ಯವಾಗಿ ಗಾಡಿ ಹತ್ತಿದ್ದೂ ಅದಕ್ಕೇ. ಜೀವ ಹೋದರೂ ಅವರು ಆ ಲಿವರನ್ನು ಮುಟ್ಟುತ್ತಿರಲಿಲ್ಲ.

ಆದರೂ ಅದು ಎಳೆದಿತ್ತು.

"ದಫೇದಾರ್ರೇ, ಡಾಕ್ಟರು ಒಬ್ಬರೇ ಹೋಗಿದ್ದರು ಅಂತ ಹೇಳಿದ್ದು ಯಾರು?"

"ಮನೆಯವರು ಮೇಡಂ. ಇಬ್ಬರೂ."

"ದೊಡ್ಡಿಯವರು?"

"ಅವರ ಹತ್ತಿರ ತಲುಪೋಕೆ ಮುಂಚೆನೇ... ಅಲ್ಲ, ಅಲ್ಲ. ಬಿದ್ದದ್ದು ಇಳಿಯೋವಾಗ. ಹಾಗಾದರೆ ದೊಡ್ಡಿಯವರು ನೋಡಿರಬೇಕು." ದಫೇದಾರ ತಲೆ ಕೆರೆದುಕೊಂಡ. "ಅವರನ್ನ ನಾವು ಕೇಳೇ ಇಲ್ಲ ಮೇಡಂ. ಬ್ರೇಕು ಅಂತ ಮುಗಿಸಿಬಿಟ್ಟರಲ್ಲ."

"ಕೇಳೋದು ಬೇಡ."

ದನಿ ಬಂದದ್ದು ಆಫೀಸು ಕೋಣೆಯ ಬಾಗಿಲಿಂದ. ಡಾಕ್ಟರರ ಹೆಂಡತಿ ಚೌಕಟ್ಟು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಯಾರಿಗೂ ಗೊತ್ತಾಗಿರಲಿಲ್ಲ.

"ಪಕ್ಕದ ಸೀಟಲ್ಲಿ ನಾನಿದ್ದೆ," ಎಂದಳು.

ಹುಂಬ ಎದ್ದು ನಿಂತ.

"ಅವರಿಗೆ ಇಳಿಜಾರಲ್ಲಿ ಎರಡು ಕೈ ಸ್ಟೇರಿಂಗಿಗೇ ಸಾಲ್ತಿರಲಿಲ್ಲ. ಚಿಕ್ಕ ಲಿವರ್ ಯಾವಾಗಲೂ ನಾನೇ ಎಳೀತಿದ್ದೆ. ಮದುವೆಯಾದಾಗಿಂದ. ಆವತ್ತು ಜಲ್ಲಿ ಮೇಲೆ ಗಾಡಿ ಸ್ವಲ್ಪ ಜಾರಿತು. ನಾನು ಕೈ ಹಾಕಿದೆ."

"ಅವರು ಏನೂ ಹೇಳಲಿಲ್ಲವಾ?"

"ಬೇಡ ಅಂತ ಕೂಗಿದರು." ಅವಳ ಕಣ್ಣು ಒಣಗಿತ್ತು. "ಯಾಕೆ ಅಂತ ಕೇಳಿದೆ. ಹೇಳಲಿಲ್ಲ. ಹೇಗೆ ಹೇಳ್ತಾರೆ? ಹೇಳಿದರೆ ತಮ್ಮನಿಗೆ ಇಟ್ಟದ್ದು ಅಂತ ಹೇಳಬೇಕಲ್ಲ. ಬೇಡ, ಬೇಡ ಅಂದರು ಅಷ್ಟೇ. ಬಾಗಿಲಿಲ್ಲದ ಗಾಡಿ. ಅಡ್ಡ ತಿರುಗಿದಾಗ ನಾನು ಹೊರಗೆ ಬಿದ್ದೆ. ಗಾಡಿ ಅವರನ್ನ ಕರಕೊಂಡು ಹೋಯ್ತು."

ಜಿಗಣೆ ಅವಳ ಹತ್ತಿರ ಹೋದಳು. ಇಬ್ಬರ ನಡುವೆ ಒಂದು ಮೊಳ ಜಾಗ.

"ಅಮ್ಮಾ, ಒಂದೇ ಮಾತು ಕೇಳ್ತೀನಿ, ಯೋಚನೆ ಮಾಡಿ ಹೇಳಿ. ಅವರು ಬೇಡ ಅಂತ ಕೂಗಿದ್ದು ನೀವು ಲಿವರ್ ಎಳೆಯೋಕೆ ಮುಂಚೆಯೋ, ಎಳೆದ ಮೇಲೋ?"

ಹೆಂಗಸು ನೋಡಿದ್ದು ಜಿಗಣೆಯನ್ನಲ್ಲ. ಅವಳ ಹೆಗಲ ಮೇಲಿಂದ ಹಿಂದೆ ನಿಂತಿದ್ದ ಮೈದುನನನ್ನು. ಅಣ್ಣ ತಮ್ಮನಿಗೆ ಯಾಕೆ ಗುಂಡಿ ತೋಡಿದ ಎಂಬುದು ಆ ನೋಟದಲ್ಲಿತ್ತು.

"ಅತ್ತಿಗೆ," ಎಂದ ಹುಂಬ. ಆ ದನಿಯಲ್ಲಿ ಅಳುವೂ ಇರಲಿಲ್ಲ, ಜ್ವರವೂ ಇರಲಿಲ್ಲ. ಆ ಜ್ವರ ನಿಜವಾಗಿ ಬಂದಿತ್ತೇ, ಮುಚ್ಚಳದ ತುಕ್ಕನ್ನು ಅವನು ನೋಡಿದ್ದು ಹಿಂದಿನ ರಾತ್ರಿಯೇ ಅಲ್ಲವೇ ಎಂದು ಜಿಗಣೆಗೆ ಆಗ ಹೊಳೆಯಿತು. "ಇನ್ನೊಂದು ಮಾತು ಆಡಬೇಡಿ."